ದುರ್ಗದ ಕೋಟೆ, ಚೀಲದಲ್ಲೊಂದು ರಾಜಿ ಕಾಗದ

ಚಿತ್ರದುರ್ಗಕ್ಕೆ ಹೊರಟಿದ್ದೀನಿ ಅಂದರೆ ಸಾಕು, "ಓಬವ್ವನ ಕಿಂಡಿ ನೋಡದೆ ಬರಬೇಡಿ" ಅನ್ನುತ್ತಾರೆ ಎಲ್ಲರೂ. ನಾನೂ ಅದನ್ನು ನೋಡುವ ಆಸೆಯಿಂದಲೇ ಹೊರಟೆ ಅನ್ನಿ. ಆದರೆ ಈ ಸಲ ನನ್ನ ಕೈಚೀಲದಲ್ಲಿ ಚಕ್ಕುಲಿ ಡಬ್ಬ, ನೀರಿನ ಬಾಟಲಿಗಳ ಜೊತೆಗೆ ಮಡಿಚಿಟ್ಟ ಛಾಪಾ ಕಾಗದವೊಂದಿತ್ತು.

ನಮ್ಮ ಮನೆಯವರಿಗೂ ಹೊಸದುರ್ಗದ ಕಡೆ ತೋಟದಲ್ಲಿರುವ ಮೈದುನನಿಗೂ ಎರಡು ವರ್ಷದಿಂದ ಮಾತಿಲ್ಲ. ಯಾರಿಗೂ ಹೇಳದೆ ತೋಟದ ಮೇಲೆ ಸಾಲ ಎತ್ತಿದ್ದು ಮೈದುನನದೇ ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಹಿರಿಯರು ಕೂತು ರಾಜಿ ಪತ್ರ ಬರೆಸಿದರು. ಸಾಲವನ್ನು ಬಡ್ಡಿ ಸಮೇತ ಒಂದೇ ವರ್ಷದಲ್ಲಿ ತೀರಿಸಬೇಕು, ಅವನ ಪಾಲಿನ ತೆಂಗಿನಲ್ಲಿ ಅರ್ಧ ಅಣ್ಣನಿಗೆ ಬರಬೇಕು, ಕೊಳವೆಬಾವಿಯ ನೀರನ್ನು ಅವನು ಮುಟ್ಟಕೂಡದು. "ಹೀಗೆ ಬಿಗಿಯಾಗಿ ಕಟ್ಟಿಹಾಕಿದರೆ ಇನ್ನು ಜನ್ಮದಲ್ಲಿ ತಲೆ ಎತ್ತೋದಿಲ್ಲ" ಅಂದರು ನಮ್ಮವರು. ಗಂಡಸರು ಎದುರುಬದುರಾದರೆ ಮತ್ತೆ ಮಾತಿಗೆ ಮಾತು ಬೆಳೆಯುತ್ತೆ ಅಂತ, ರುಜು ಹಾಕಿಸಿಕೊಂಡು ಬರುವ ಕೆಲಸ ನನಗೂ ನಮ್ಮ ದೊಡ್ಡ ನಾದಿನಿಗೂ ಬಂತು. ಹೇಗೂ ಹೋಗುತ್ತೀವಲ್ಲ, ದಾರಿಯಲ್ಲಿ ಕೋಟೆ, ಕೆರೆ, ದೇವರು ಎಲ್ಲ ನೋಡಿಕೊಂಡೇ ಹೋಗೋಣ ಅಂತ ತೀರ್ಮಾನಿಸಿದೆವು.

ಕೋಟೆಗೆ ಬೆಳಿಗ್ಗೆ ಬೇಗ ಹೋಗಿ. ಹನ್ನೊಂದು ಗಂಟೆ ಆಯಿತೆಂದರೆ ಆ ಬಂಡೆಗಳು ಕಾದ ಹೆಂಚಿನ ಹಾಗಾಗುತ್ತವೆ. ಒಳಗೆ ಕಾಲಿಟ್ಟ ಸ್ವಲ್ಪ ಹೊತ್ತಿಗೆ ಒಂದು ಗುಂಡಿಯಲ್ಲಿ ಆಳೆತ್ತರದ ಬೀಸುವ ಕಲ್ಲುಗಳು ಕಾಣುತ್ತವೆ. ರಾಗಿ ಬೀಸೋದಕ್ಕಲ್ಲ, ಮದ್ದು ಅರೆಯೋದಕ್ಕಂತೆ! ಏಕನಾಥೇಶ್ವರಿಗೆ ಕೈ ಮುಗಿದು, ಹಿಡಿಂಬೇಶ್ವರನ ಗುಡಿ ಹತ್ತಿ ಇಳಿದು, ಗೋಪಾಲಸ್ವಾಮಿ ಹೊಂಡದ ಪಕ್ಕ ಕೂತು ಚಕ್ಕುಲಿ ತಿಂದೆವು. ಓಬವ್ವನ ಕಿಂಡಿಯ ಹತ್ತಿರ ನಿಂತಾಗ ಮಾತ್ರ ನಾದಿನಿ ಸುಮ್ಮನಾದರು. ಒಬ್ಬರೇ ನುಸುಳಬಹುದಾದ ಸಂದು ಅದು. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಬಂದ ಹೆಂಗಸು, ಕೈಗೆ ಸಿಕ್ಕ ಒನಕೆಯಿಂದ ಹೈದರನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಕೆಡವಿದ ಕಥೆ ನಮಗೆಲ್ಲ ಗೊತ್ತೇ ಇದೆ. 1972ರ 'ನಾಗರಹಾವು' ಚಿತ್ರದಲ್ಲಿ ಜಯಂತಿ ಅವರು ಓಬವ್ವನಾಗಿದ್ದನ್ನು ಮರೆತವರುಂಟೇ!

"ಅಷ್ಟು ಮಾಡಿಯೂ ಕೋಟೆ ಹೋಯಿತಲ್ಲ" ಅಂದರು ನಾದಿನಿ.

ಹೋಯಿತು. ಆದರೆ ಹೋದದ್ದು ಹೇಗೆ ಅನ್ನುವುದನ್ನು ಕಿಂಡಿ ನೋಡಿ ಬರುವವರು ಸಾಮಾನ್ಯವಾಗಿ ಕೇಳುವುದಿಲ್ಲ. 1777ರಲ್ಲಿ ಹೈದರಾಲಿ ದುರ್ಗಕ್ಕೆ ಮುತ್ತಿಗೆ ಹಾಕಿ, ತಿಂಗಳುಗಟ್ಟಲೆ ಕಾದರೂ ಗೆಲ್ಲಲಾಗದೆ ಕೊನೆಗೆ ರಾಜಿಯಾದ. ಮದಕರಿನಾಯಕ ಲಕ್ಷಗಟ್ಟಲೆ ವರಹ ದಂಡ ಕೊಡಬೇಕು ಅನ್ನುವುದು ಷರತ್ತು. ಮರಾಠರು ಮೇಲೆ ಬಿದ್ದಿದ್ದರಿಂದ ಹೈದರ್ ಅತ್ತ ಓಡಿದ, ನಾಯಕನನ್ನೂ ಸೈನ್ಯ ಸಮೇತ ಬಾ ಅಂತ ಕರೆದ. ದಂಡ ತೆತ್ತು ಹೊಟ್ಟೆಯುರಿಯುತ್ತಿದ್ದವನು ಯಾಕೆ ಹೋದಾನು? ಯಾರು ಗೆಲ್ಲುತ್ತಾರೋ ನೋಡೋಣ ಅಂತ ಕೂತ. ಗೆದ್ದದ್ದು ಹೈದರ್. ತಿರುಗಿ ಬಂದವನು 1779ರಲ್ಲಿ ಕೋಟೆಯನ್ನೇ ಕಿತ್ತುಕೊಂಡ. ನಾಯಕನೂ ಅವನ ಮನೆಮಂದಿಯೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದರು. ತ.ರಾ.ಸು. ಅವರ 'ದುರ್ಗಾಸ್ತಮಾನ'ದಲ್ಲಿ ಬರುವುದು ಇದೇ ದುರ್ಗದ ಪತನದ ಕಥೆ. ನಾಯಕನಷ್ಟೇ ಅಲ್ಲ, ಇಲ್ಲಿನ ಸುಮಾರು 20,000 ಬೇಡರನ್ನೂ ಅತ್ತ ಸಾಗಿಸಿದರೆಂದು ಮೈಸೂರಿನ ಚರಿತ್ರೆ ಬರೆದ ಇಂಗ್ಲಿಷರ ಲೆಕ್ಕ. ಆಮೇಲೆ ದುರ್ಗ ಹೈದರನ ಮೇಲೆ ತಿರುಗಿಬೀಳಲಿಲ್ಲ, ನಿಜ. ತಿರುಗಿಬೀಳುವ ಜನವೇ ಊರಲ್ಲಿ ಇರಲಿಲ್ಲವಲ್ಲ!

ಹಿರಿಯೂರಿನ ಬಸ್ಸಿನಲ್ಲಿ ಕೂತಾಗಲೂ ನನಗೆ ಇದೇ ಯೋಚನೆ. ದುರ್ಗಕ್ಕೆ ದಂಡ ಹಾಕಿದ ಮನೆತನಕ್ಕೇ, ದುರ್ಗ ಬಿದ್ದ ಹದಿಮೂರು ವರ್ಷದಲ್ಲಿ ದಂಡ ಬಿತ್ತು ನೋಡಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಹೈದರನ ಮಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅರ್ಧ ಕೂಡಲೇ, ಉಳಿದರ್ಧ ನಾಲ್ಕು ನಾಲ್ಕು ತಿಂಗಳ ಮೂರು ಕಂತಿನಲ್ಲಿ, ಅಂದರೆ ಒಂದೇ ವರ್ಷ! (ಇಲ್ಲಿಗೆ ಬಂದಾಗ ನಾನು ಚೀಲದ ಕಾಗದ ಮುಟ್ಟಿ ನೋಡಿಕೊಂಡೆ.) ಹಣ ತೀರುವವರೆಗೆ ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಡಬೇಕು. ದೊಡ್ಡವನಿಗೆ ಸುಮಾರು ಹತ್ತು, ಚಿಕ್ಕವನಿಗೆ ಎಂಟು ವರ್ಷ. ಆ ಮಕ್ಕಳು ಮದರಾಸಿನಿಂದ ವಾಪಸು ಬಂದದ್ದು 1794ರಲ್ಲಿ. ಎರಡು ವರ್ಷ ಆ ತಾಯಂದಿರು ಹೇಗೆ ಉಂಡರೋ, ಹೇಗೆ ಮಲಗಿದರೋ. ಒಪ್ಪಂದದ ಕಲಮುಗಳಲ್ಲಿ ಅದಕ್ಕೆ ಜಾಗ ಎಲ್ಲಿ?

ಶಾಂತಿ ಉಳಿಯಿತೇ? ಟಿಪ್ಪು ಫ್ರೆಂಚರ ಸಹಾಯ ಹುಡುಕಿದ. ಅದನ್ನೇ ನೆಪ ಮಾಡಿಕೊಂಡು ಇಂಗ್ಲಿಷರು ಮತ್ತೆ ಬಂದರು. 1799ರ ಮೇ 4ರಂದು ಟಿಪ್ಪು ಸತ್ತ. ಏಳೇ ವರ್ಷ. ಅರ್ಧ ರಾಜ್ಯ ಕಳೆದುಕೊಂಡಿದ್ದರಿಂದಲೇ ಅವನು ಅಷ್ಟು ಬೇಗ ಸೋತ, ಹಾಗಾಗಿ ಬಿಗಿ ಮಾಡಿದ್ದೇ ಸರಿ ಅನ್ನುವವರೂ ಇದ್ದಾರೆ. ಅದು ಇಂಗ್ಲಿಷರ ಲೆಕ್ಕದಲ್ಲಿ ಸರಿ ಇರಬಹುದು. ಆದರೆ ಅವರು ಗೆದ್ದದ್ದು ಇನ್ನೊಂದು ಯುದ್ಧವನ್ನು, ಯುದ್ಧ ತಪ್ಪಲಿಲ್ಲವಲ್ಲ.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ದರ್ಶನ ಮಾಡಿ, ಹೋಟೆಲಿನಲ್ಲಿ ಮುದ್ದೆ ಊಟ ಮುಗಿಸಿ, ಮಾರಿಕಣಿವೆಗೆ ಹೋದೆವು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ಕಟ್ಟಿದ ವಾಣಿವಿಲಾಸ ಸಾಗರ ಇದೇ. 1907ರಲ್ಲಿ ಮುಗಿದದ್ದು. ಮಗ ಚಿಕ್ಕವನಾಗಿದ್ದಾಗ ರಾಜ್ಯಭಾರ ನೋಡಿಕೊಂಡ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದೇ ಕೆರೆಯ ಹೆಸರು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ! ಜನ ಜಾತ್ರೆಗೆ ಬಂದ ಹಾಗೆ ಬಂದು ನೋಡಿದರು. ನೀರಿನ ಬೆಲೆ ಈ ಸೀಮೆಯವರನ್ನು ಕೇಳಬೇಕು.

ಈ ಕೆರೆಗೆ ಮೊದಲು ಮೈಸೂರು ಏನೇನು ಕಂಡಿತು ಅಂತೀರಿ! 1799ರಲ್ಲಿ ಐದು ವರ್ಷದ ಕೃಷ್ಣರಾಜ ಒಡೆಯರನ್ನು ಗದ್ದುಗೆಯಲ್ಲಿ ಕೂರಿಸಿ, ವರ್ಷವರ್ಷವೂ 7 ಲಕ್ಷ ವರಹ ಕಪ್ಪ ಕೊಡಿ ಅಂದರು ಕಂಪನಿಯವರು. ಒಪ್ಪದೆ ಗತಿಯಿರಲಿಲ್ಲ. ಈ ಸಲ ರಾಜರ ಯುದ್ಧವೇನೋ ಹುಟ್ಟಲಿಲ್ಲ. ಆದರೆ ಆ ಹಣ ಬರಬೇಕಾದದ್ದು ರೈತನ ಕಣಜದಿಂದಲೇ ತಾನೇ? ಕಂದಾಯದ ಭಾರ, ಅಧಿಕಾರಿಗಳ ಕಾಟ ಎಲ್ಲ ಸೇರಿ 1830ರಲ್ಲಿ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ಕಾರಣ ಮಾಡಿ 1831ರಲ್ಲಿ ಆಡಳಿತ ಕಿತ್ತುಕೊಂಡವರು ವಾಪಸು ಕೊಟ್ಟದ್ದು 1881ರಲ್ಲಿ.

ಹೊರದೇಶದಲ್ಲೂ ಇದೇ ಗೋಳು. 1919ರಲ್ಲಿ ಸೋತ ಜರ್ಮನಿಯ ಮೇಲೆ ವರ್ಸೇಲ್ಸ್ ಒಪ್ಪಂದ ಹೇರಿದರು, ಮುಂದೆ 13,200 ಕೋಟಿ ಚಿನ್ನದ ಮಾರ್ಕ್ ದಂಡ ಗೊತ್ತುಮಾಡಿದರು. ಆ ಅವಮಾನವನ್ನೇ ಊದಿ ಉರಿಸಿ ಹಿಟ್ಲರ್ ಮೇಲೆ ಬಂದ. 1939ರಲ್ಲಿ ಮತ್ತೆ ಯುದ್ಧ. ಒಪ್ಪಂದ ಒಂದೇ ಕಾರಣ ಅಂದರೆ ತಪ್ಪಾದೀತು. ನಿರುದ್ಯೋಗ ಇತ್ತು, ಹಿಟ್ಲರನ ದುರಾಸೆಯೂ ಇತ್ತು. 1945ರಲ್ಲಿ ಜರ್ಮನಿಗೆ ಆದ ಶಿಕ್ಷೆ ಏನೂ ಕಮ್ಮಿಯದಲ್ಲ, ದೇಶವನ್ನೇ ಹೋಳು ಮಾಡಿದರು. ಆದರೆ ಪಶ್ಚಿಮದ ಹೋಳಿಗೆ ಮನೆ ಮತ್ತೆ ಕಟ್ಟಿಕೊಳ್ಳಲು ಗೆದ್ದವರೇ ಹಣ ಕೊಟ್ಟರು, 1953ರಲ್ಲಿ ಹಳೇ ಸಾಲದಲ್ಲಿ ಹತ್ತಿರ ಹತ್ತಿರ ಅರ್ಧ ಬಿಟ್ಟರು. ಸೋತವನ ಒಲೆ ಉರಿಯುತ್ತಿದೆಯೋ ಇಲ್ಲವೋ ಅಂತ ಆ ಸಲ ಯಾರೋ ಇಣುಕಿ ನೋಡಿದ್ದರು ಅಂತ ನನಗನ್ನಿಸುತ್ತೆ.

ಹೊಸದುರ್ಗ ತಲುಪುವಾಗ ಸಂಜೆಯಾಗಿತ್ತು. ಸಾಲು ತೆಂಗು, ತಂಪು ಗಾಳಿ. ವಾರಗಿತ್ತಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. ಮೈದುನ ಹಟ್ಟಿ ಕಡೆ ಹೋದವನು ಒಳಗೆ ಬರಲಿಲ್ಲ. ಊಟವಾದ ಮೇಲೆ ಕಾಗದ ಬಿಚ್ಚಿದೆ. ಅವಳು ಬೆರಳಿಟ್ಟು ಒಂದೊಂದೇ ಸಾಲು ಓದಿದಳು.

"ಸಾಲ ತೀರಿಸ್ತೀವಿ ಅಕ್ಕ, ತಪ್ಪು ನಮ್ಮದೇ. ತೆಂಗು ಬೇಕಾದರೆ ತಗೊಳ್ಳಿ. ನೀರೂ ಇಲ್ಲ ಅಂದರೆ ಉಳಿದ ಅರ್ಧ ತೋಟ ಇಟ್ಟುಕೊಂಡು ಏನು ಮಾಡೋಣ? ನನ್ನ ಮಗ ಈಗಲೇ ದೊಡ್ಡಪ್ಪನ ಹೆಸರೆತ್ತಿದರೆ ಮುಖ ತಿರುಗಿಸ್ತಾನೆ."

ಆ ಹುಡುಗನಿಗೆ ಹನ್ನೊಂದು ವರ್ಷ. ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಾದಿನಿ ನನ್ನ ಮುಖ ನೋಡಿದರು. ನಾನು ಕಾಗದ ಮಡಿಚಿ ಚೀಲಕ್ಕೆ ಹಾಕಿಕೊಂಡೆ, ರುಜು ಕೇಳಲಿಲ್ಲ.

ಮರುದಿನ ಹೊಳಲ್ಕೆರೆಯಲ್ಲಿ ಇಳಿದು ಬಯಲು ಗಣಪತಿಗೆ ಕಾಯಿ ಒಡೆಸಿದೆವು. ಕಾಯಿ ವಾರಗಿತ್ತಿ ಕೊಟ್ಟದ್ದು, ಅದೇ ತೋಟದ್ದು. ಅಲ್ಲಿಂದಲೇ ಮನೆಗೆ ಫೋನ್ ಮಾಡಿದೆ. "ನೀರಿನ ಸಾಲು ಹೊಡೆದುಹಾಕಬೇಕು, ಒಂದು ವರ್ಷ ಅನ್ನೋದನ್ನ ನಾಲ್ಕು ವರ್ಷ ಮಾಡಬೇಕು. ಇಲ್ಲದಿದ್ದರೆ ಈ ಕಾಗದ ಹಿಡಿದು ಇನ್ನೊಂದು ಸಲ ನಾನು ಹೋಗೋದಿಲ್ಲ" ಅಂದೆ. ನಮ್ಮವರು ತುಂಬ ಹೊತ್ತು ಮಾತಾಡಲಿಲ್ಲ.

"ಕಾಯಿ ಹೇಗಿದೆ?" ಅಂದರು ಕೊನೆಗೆ.

"ನೀರು ಚೆನ್ನಾಗಿದೆ" ಅಂದೆ.