ಬಂಡೆಯ ಗೆರೆಗಳ ಬೆನ್ನು ಹತ್ತಿ



ಬಂಡೆಯ ಮೇಲಿನ ಗೆರೆ, ಬಣ್ಣ ಕಣ್ಣಿಗೆ ಅಷ್ಟು ಚೆಂದ ಕಾಣುತ್ತವೆ, ಫೋಟೊದಲ್ಲಿ ಮಾತ್ರ ಬರೀ ಬಂಡೆ ಉಳಿಯುತ್ತದೆ, ಅದು ಚಿತ್ರವಾಗುವುದು ಹೇಗೆ ಎಂದು ಕೇಳಿದ್ದೀರಿ. ಬೆಂಗಳೂರಿನಲ್ಲೇ ಇದ್ದೀರಲ್ಲ, ಲಾಲ್‌ಬಾಗಿನ ಬಂಡೆಯಿಂದಲೇ ಶುರುಮಾಡೋಣ.

ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಭೂವಿಜ್ಞಾನಿಗಳು ಅದನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ಕೊಟ್ಟ ಹೆಸರು. ಹೆಚ್ಚಿನವರು ಬಂಡೆಯನ್ನು ಹತ್ತಿ, ಊರು ನೋಡಿ ಇಳಿದುಬಿಡುತ್ತಾರೆ. ನೀವು ಕಾಲಡಿಯನ್ನು ನೋಡಿ. ಬೆಳ್ಳಗಿನ ಪಟ್ಟಿಗಳಲ್ಲಿ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟಿಗಳಲ್ಲಿ ಕರಿ ಕಾಗೆಬಂಗಾರ ಮತ್ತು ಹಾರ್ನ್‌ಬ್ಲೆಂಡ್. ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಖನಿಜಗಳು ಹೀಗೆ ಸಾಲುಗಟ್ಟಿದವು. ಆ ಕಾವಿನಲ್ಲಿ ಕಲ್ಲೂ ಬಳುಕುತ್ತದೆ. ಅದಕ್ಕೇ ಕೆಲವು ಕಡೆ ಪಟ್ಟಿಗಳು ಸೀರೆಯ ನೆರಿಗೆಯಂತೆ ಮಡಚಿಕೊಂಡಿವೆ.

ಈ ಪಟ್ಟಿಗಳನ್ನು ಅಡ್ಡಡ್ಡ ಸೀಳಿಕೊಂಡು ಹೋಗುವ ಬಿಳಿ ಎಳೆಯೊಂದು ಕಂಡರೆ ಅಲ್ಲೇ ನಿಲ್ಲಿ. ಪಟ್ಟಿಗಳು ಮೂಡಿ ಎಷ್ಟೋ ಕಾಲದ ಮೇಲೆ ಬಿರುಕಿನೊಳಗೆ ನುಗ್ಗಿ ಗಟ್ಟಿಯಾದದ್ದು ಅದು. ಕತ್ತರಿಸುವ ಗೆರೆ ಯಾವಾಗಲೂ ತಾನು ಕತ್ತರಿಸಿದ್ದಕ್ಕಿಂತ ಕಿರಿಯದು. ಇಷ್ಟು ತಿಳಿದರೆ ಚೌಕಟ್ಟನ್ನು ಎಲ್ಲಿಡಬೇಕು ಎಂಬುದೂ ಹೊಳೆಯುತ್ತದೆ: ಎರಡು ಕಾಲಗಳು ಒಂದನ್ನೊಂದು ದಾಟುವ ಆ ಜಾಗದಲ್ಲಿ. ಅಮೂರ್ತ ಚಿತ್ರ ತೆಗೆಯುವವರು ಎದುರಿಗಿರುವುದು ಏನೆಂಬುದನ್ನೇ ಮರೆಯಬೇಕು ಎನ್ನುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಚಿತ್ರ ನೋಡುವವರು ಕಲ್ಲನ್ನು ಮರೆಯಲಿ, ತೆಗೆಯುವವರು ಮರೆಯಬಾರದು.

ನೋಡುವವರಿಗೆ ಮರೆಸುವ ಉಪಾಯ ಸರಳ. ಭೂವಿಜ್ಞಾನಿ ಬಂಡೆಯ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸುತ್ತಿಗೆಯನ್ನೋ ನಾಣ್ಯವನ್ನೋ ಇಡುತ್ತಾನೆ, ಅಳತೆ ತಿಳಿಯಲೆಂದು. ನೀವು ಆ ಅಳತೆಯನ್ನೇ ತೆಗೆದುಹಾಕಿ. ಒಣಗಿದ ಎಲೆ, ಹುಲ್ಲು, ಆಕಾಶದ ಅಂಚು, ಯಾವುದೂ ಬೇಡ. ಆಗ ಗೇಣಗಲದ ಕಲ್ಲು ವಿಮಾನದಿಂದ ಕಂಡ ನದೀಬಯಲೂ ಆಗಬಹುದು. ಅಮೆರಿಕದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ ಮೊದಲು ಹಾರ್ಲೆಮ್‌ನ ಜನಜೀವನವನ್ನು ದಾಖಲಿಸುತ್ತಿದ್ದವರು. ಆಮೇಲೆ ಸುಲಿದ ಬಣ್ಣ, ಗೋಡೆ, ಕಲ್ಲುಗಳ ಕಡೆ ತಿರುಗಿದರು. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಕಲ್ಲುಗೋಡೆಗಳ ಅವರ ಚಿತ್ರಗಳನ್ನು ಹುಡುಕಿ ನೋಡಿ. ಅಲ್ಲಿ ಕಲ್ಲಿಗೆ ಎಷ್ಟು ಆಕಾರವಿದೆಯೋ ಕಲ್ಲುಗಳ ನಡುವಿನ ಕತ್ತಲಿಗೂ ಅಷ್ಟೇ ಇದೆ. ನನಗೆ ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಬೋಸ್‌ನಲ್ಲಿ ಎಡ್ವರ್ಡ್ ವೆಸ್ಟನ್ ತೆಗೆದ ಸವೆದ ಬಂಡೆಗಳಿಗಿಂತ ಇವೇ ಹೆಚ್ಚು ಇಷ್ಟ.

ಇನ್ನು ಬೆಳಕಿನ ವಿಷಯ. ಬಣ್ಣ, ಪಟ್ಟಿ ಬೇಕಾದರೆ ಮೋಡದ ದಿನ ಹೋಗಿ. ಮಳೆ ನಿಂತ ಹೊತ್ತಿನಲ್ಲಿ ಹೋದರೆ ಇನ್ನೂ ಒಳ್ಳೆಯದು, ಒದ್ದೆ ಕಲ್ಲಿನ ಬಣ್ಣ ಗಾಢವಾಗುತ್ತದೆ. ಉಬ್ಬುತಗ್ಗು ಬೇಕಾದರೆ ಬೆಳಿಗ್ಗೆ ಅಥವಾ ಸಂಜೆಯ ಓರೆಬಿಸಿಲು. ಫೋನನ್ನು ಬಂಡೆಯ ಮೈಗೆ ಸಮಾನಾಂತರವಾಗಿ ಹಿಡಿಯಿರಿ, ಮೂಲೆಗಳೂ ಸ್ಪಷ್ಟವಾಗಿ ಬರುತ್ತವೆ. ದುಬಾರಿ ಕ್ಯಾಮೆರಾ ಬೇಕಿಲ್ಲ.

ಮುಂದೆ ಬಾದಾಮಿಗೆ ಹೋಗಿ. ಗುಹೆಗಳ ಶಿಲ್ಪಗಳನ್ನು ನೋಡಿ ಮುಗಿದ ಮೇಲೆ, ಕಂಬ ಗೋಡೆಗಳಲ್ಲಿ ಮರಳುಗಲ್ಲಿನದೇ ಕೆಂಪು, ಬಿಳಿ, ನೇರಳೆ ಅಲೆಗಳಿಗೂ ಸ್ವಲ್ಪ ಹೊತ್ತು ಕೊಡಿ. ಶಿಲ್ಪಿಯ ಉಳಿಗಿಂತ ಬಹಳ ಹಿಂದಿನವು ಅವು. ಸಂಡೂರಿನ ಕಬ್ಬಿಣದ ಪಟ್ಟಿಗಲ್ಲು, ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದ ಲಾವಾ ಕಂಬಗಳು, ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿ ಉಕ್ಕಿ ದಿಂಬಿನಾಕಾರಕ್ಕೆ ಗಟ್ಟಿಯಾದ ಲಾವಾ, ಇವೆಲ್ಲ ನಮ್ಮ ನಾಡಿನಲ್ಲೇ ಇವೆ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಗೆರೆ ಎದ್ದು ಕಾಣಲೆಂದು ಕಲ್ಲನ್ನು ಉಜ್ಜುವುದು, ಸೀಮೆಸುಣ್ಣದಲ್ಲಿ ತಿದ್ದುವುದು ಬೇಡ. ಬಳ್ಳಾರಿಯ ಸಂಗನಕಲ್ಲಿನಂಥ ಕಡೆ ಆದಿಮಾನವರು ಕುಟ್ಟಿ ಮೂಡಿಸಿದ ಚಿತ್ರಗಳಿವೆ, ಅವುಗಳ ಮೇಲೆ ನೀರನ್ನೂ ಸುರಿಯಬಾರದು. ಲಾಲ್‌ಬಾಗಿನ ಬಂಡೆಯ ಮೇಲೆ ಹೆಸರು ಗೀಚಿದವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನನಗೆ ಚಿತ್ರ ಕಳಿಸುವಾಗ ‘ಕನಸು’, ‘ಮೌನ’ ಎಂಬಂಥ ಹೆಸರು ಕೊಡಬೇಡಿ. ಊರು, ಕಲ್ಲಿನ ಜಾತಿ, ಬಂಡೆಯ ಮೇಲೆ ಅದು ಎಷ್ಟಗಲ ಇತ್ತು ಎಂಬುದನ್ನು ಬರೆಯಿರಿ. ಚಿತ್ರವನ್ನು ನೋಡಿದ ಮೇಲೆ ಅದನ್ನು ಓದುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳೆಯ