ನಲವತ್ತು ಹೆಜ್ಜೆ

ನನ್ನ ಮೊಮ್ಮಗಳು ಕಳೆದ ವರ್ಷ ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜು ಸೇರಿದಳು. ಸೇರಿದವಳು ಅವಳು, ರುಜು ಹಾಕಿ ಕೈ ಸೋತವನು ನಾನು. ಅವಳ ತಂದೆತಾಯಿ ಹುಬ್ಬಳ್ಳಿಯಲ್ಲಿರುವುದರಿಂದ ‘ಸ್ಥಳೀಯ ಪೋಷಕ’ ಎಂಬ ಪದವಿ ನನ್ನ ಪಾಲಿಗೆ ಬಂತು. ನಿವೃತ್ತನಾದ ಮೇಲೆ ನನಗೆ ದೊರೆತ ಮೊದಲ ಬಡ್ತಿ ಇದು. ಸಂಬಳವಿಲ್ಲ, ಹೊಣೆ ಮಾತ್ರ ಉಂಟು. ಮನೆಯಲ್ಲಿ ನನಗೆ ಅಂಥ ಹುದ್ದೆಗಳು ಹೊಸದೇನಲ್ಲ.

ಮೂವತ್ತೈದು ವರ್ಷ ಕಚೇರಿಯಲ್ಲಿ ಕಡತ ನೋಡಿದವನಿಗೆ ಓದದೆ ರುಜು ಹಾಕುವ ಅಭ್ಯಾಸವಿಲ್ಲ. ಹೊಸ ವಿದ್ಯಾರ್ಥಿಗಳನ್ನು ಪೀಡಿಸುವುದಿಲ್ಲ ಎಂದು ವಿದ್ಯಾರ್ಥಿಯೂ ಹೆತ್ತವರೂ ಬರೆದುಕೊಡಬೇಕಾದ ಮುಚ್ಚಳಿಕೆಯೂ ಆ ಕಾಗದಗಳಲ್ಲಿತ್ತು. ಅದರ ಮೂಲವೇನೆಂದು ಹುಡುಕಿದೆ. 2009ರಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಹಿರಿಯರ ಹೊಡೆತಕ್ಕೆ ಸಿಕ್ಕಿ ಹುಡುಗನೊಬ್ಬ ತೀರಿಕೊಂಡ; ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗ ಈ ನಿಯಮಗಳನ್ನು ಹೊರಡಿಸಿತು. ಶಿಕ್ಷೆಗಳ ಉದ್ದನೆಯ ಪಟ್ಟಿಯ ಜೊತೆಗೆ ಅದರಲ್ಲಿ ಇನ್ನೊಂದು ಮಾತೂ ಉಂಟು. ಹಿರಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ ಹೊಸಬರಿಗೆ ಸ್ವಾಗತ ಕೂಟ ಏರ್ಪಡಿಸತಕ್ಕದ್ದು, ಅದೂ ಸಾಧ್ಯವಾದರೆ ಮೊದಲ ಎರಡು ವಾರಗಳೊಳಗೆ. ಸಂತೋಷಪಡಿ ಎಂಬ ಆಜ್ಞೆಯನ್ನು ನಾನು ಸರ್ಕಾರಿ ಭಾಷೆಯಲ್ಲಿ ಕಂಡದ್ದು ಅದೇ ಮೊದಲು.

ಆ ಕೂಟ ನಡೆಯಿತು. ಪ್ರಿನ್ಸಿಪಾಲರು ಭಾಷಣ ಮಾಡಿದರು, ಹುಡುಗರು ಕುಣಿದರು, ಎಲ್ಲರಿಗೂ ಒಂದೊಂದು ಸಮೋಸ ಕೊಟ್ಟರು. ಮೊಮ್ಮಗಳು ಬಂದು ವರದಿ ಒಪ್ಪಿಸಿ ಕೊನೆಗೆ, “ಇದು ಕಾಲೇಜಿನವರ ಪಾರ್ಟಿ ತಾತ. ನಿಜವಾದ ಪಾರ್ಟಿ ಬರೋ ಶನಿವಾರ” ಎಂದಳು.

ನಿಜವಾದದ್ದು ಊರಾಚೆ, ಕನಕಪುರ ರಸ್ತೆಯ ಕಡೆ, ಯಾರೋ ಬಾಡಿಗೆಗೆ ಕೊಡುವ ತೋಟದ ಮನೆಯಲ್ಲಂತೆ. ಅಧ್ಯಾಪಕರಿಲ್ಲ, ಭಾಷಣವಿಲ್ಲ. ಆ ರಾತ್ರಿ ಹಾಸ್ಟೆಲಿನ ಪುಸ್ತಕದಲ್ಲಿ ಅವಳು ‘ತಾತನ ಮನೆಗೆ’ ಎಂದು ಬರೆದು ಬರುತ್ತಾಳಂತೆ. ನನ್ನ ರುಜುವಿನ ಬೆಲೆ ಏನೆಂದು ಆಗ ನನಗೆ ಅರ್ಥವಾಯಿತು.

“ಅಲ್ಲಿ ಕುಡಿಯೋದು ಇರುತ್ತೇನೆ?” ಎಂದೆ.

“ಇರುತ್ತೆ ತಾತ” ಎಂದಳು, ಮಳೆ ಬರುತ್ತೆ ಎನ್ನುವಷ್ಟು ಸಹಜವಾಗಿ. ಇಪ್ಪತ್ತೊಂದು ತುಂಬದವರಿಗೆ ಮದ್ಯ ಮಾರಬಾರದೆಂದು ನಮ್ಮ ರಾಜ್ಯದ ಅಬಕಾರಿ ನಿಯಮ ಹೇಳುತ್ತದೆ. ಅವಳಿಗೆ ಹದಿನೆಂಟು. ನಿಯಮ ಪುಸ್ತಕದಲ್ಲಿತ್ತು, ಅವಳು ನನ್ನೆದುರಿಗಿದ್ದಳು.

‘ಹೋಗಬೇಡ’ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ತಡೆದದ್ದು ನನ್ನ ಉದಾರ ಮನಸ್ಸೆಂದು ಓದುಗರು ಭ್ರಮಿಸಬಾರದು. ತಡೆದದ್ದು ಐವತ್ತು ವರ್ಷ ಹಳೆಯದಾದ ಒಂದು ರಾತ್ರಿ.

1971ರಲ್ಲಿ ನಾನು ಮೈಸೂರಿನ ಒಂದು ಹಾಸ್ಟೆಲಿನಲ್ಲಿದ್ದೆ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟರು. ಹಾಸ್ಟೆಲಿನಲ್ಲಿ ನನಗೆ ಅರ್ಧ ಶುಲ್ಕದ ವಿನಾಯಿತಿ. ಅದು ನಡತೆ ಚೆನ್ನಾಗಿರುವ ತನಕ ಮಾತ್ರ ಎಂದು ಕಾಗದದಲ್ಲೇ ಬರೆದಿತ್ತು. ನನ್ನ ಕೋಣೆಯಲ್ಲಿದ್ದವನು ಮಲೆನಾಡಿನ ಹುಡುಗ. ಎತ್ತರದ ಆಳು, ಮಾತು ಕಡಮೆ. ನಾಲ್ಕು ಜನ ಸೇರಿದ ಕಡೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡುತ್ತಿದ್ದ.

ಆಗಸ್ಟಿನ ಒಂದು ರಾತ್ರಿ ಹಿರಿಯ ಹುಡುಗರು ತಾರಸಿಯ ಮೇಲೆ ನಮಗೆ ಸ್ವಾಗತ ಕೂಟ ಇಟ್ಟರು. ಅದು ಕೆಟ್ಟದಾಗಿತ್ತೆಂದು ಹೇಳಿದರೆ ಸುಳ್ಳಾದೀತು. ಹಾರ್ಮೋನಿಯಂ ಇತ್ತು. ಮಂಡಕ್ಕಿ ಇತ್ತು. ಚಾಮುಂಡಿ ಬೆಟ್ಟದ ದೀಪಗಳು ಕಾಣುತ್ತಿದ್ದವು. ಒಬ್ಬೊಬ್ಬ ಹೊಸಬನೂ ಏನಾದರೂ ಮಾಡಿ ತೋರಿಸಬೇಕು ಎಂದರು. ನನಗೆ ಬರುತ್ತಿದ್ದದ್ದು ಅಜ್ಜಿ ಕಲಿಸಿದ ಒಂದು ದೇವರನಾಮ. ಅದನ್ನೇ ಹಾಡಿದೆ. ಮೊದಲು ನಕ್ಕರು, ಎರಡನೆಯ ನುಡಿಗೆ ತಾಳ ಹಾಕಿದರು, ಮುಗಿದ ಮೇಲೆ ಒಬ್ಬ ಹಿರಿಯ ನನ್ನ ಬೆನ್ನು ತಟ್ಟಿ ‘ದಾಸರೇ’ ಎಂದು ಹೆಸರಿಟ್ಟ. ನಾಲ್ಕು ವರ್ಷವೂ ನಾನು ದಾಸರೇ ಆಗಿದ್ದೆ. ಊರು ಬಿಟ್ಟು ಬಂದ ಮೇಲೆ ಇಲ್ಲಿ ನನಗೂ ಒಂದು ಜಾಗವುಂಟು ಎನಿಸಿದ್ದು ಆ ಗಳಿಗೆಯಲ್ಲಿ. ಹೊಸ ಹುಡುಗರು ಇಂಥ ಕೂಟಗಳಿಗೆ ಏಕೆ ಹಾತೊರೆಯುತ್ತಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಷರಬತ್ತೂ ಇತ್ತು. ನಿಂಬೆಹಣ್ಣಿನದು, ಹಿತ್ತಾಳೆಯ ಕೊಳದಪ್ಪಲೆಯ ತುಂಬ. ರಾಜ್ಯದಲ್ಲಿ ಪಾನನಿರೋಧ ಸಡಿಲಿಸಿದ್ದು 1967ರಲ್ಲಿ. ಅದಾಗಿ ನಾಲ್ಕು ವರ್ಷವಾಗಿತ್ತಷ್ಟೆ. ಷರಬತ್ತಿನಲ್ಲಿ ಏನು ಬೆರೆತಿದೆಯೆಂದು ಹಿರಿಯರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅದೇ ಅವರ ತಮಾಷೆ. ನನಗೆ ಒಂದು ಗುಟುಕಿಗೆ ಗಂಟಲು ಸುಟ್ಟಿತು, ಕೆಳಗಿಟ್ಟೆ. ನನ್ನ ಕೋಣೆಯವನು ಇಡಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂಬ ಅವನ ಕಷ್ಟಕ್ಕೆ ಲೋಟ ಪರಿಹಾರವಾಗಿತ್ತು. ಖಾಲಿಯಾದಾಗಲೆಲ್ಲ ಯಾರೋ ತುಂಬುತ್ತಿದ್ದರು. ಎಷ್ಟು ಎಂದು ಅವನೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಹನ್ನೊಂದು ಗಂಟೆಗೆ ನಾಲ್ವರು ಅವನನ್ನು ಹೊತ್ತು ತಂದು ಮಂಚದ ಮೇಲೆ ಅಂಗಾತ ಮಲಗಿಸಿದರು. ಒಬ್ಬ ಮಜ್ಜಿಗೆ ಕುಡಿಸಲು ನೋಡಿದ. ಒಬ್ಬ ತಲೆಗೆ ತಣ್ಣೀರು ತಟ್ಟಿದ. “ಮಲಗ್ಲಿ ಬಿಡು ದಾಸ, ಬೆಳಿಗ್ಗೆ ಸರಿಹೋಗ್ತಾನೆ” ಎಂದು ಹೇಳಿ ಹೊರಟುಹೋದರು. ಈಗಲೂ ಹುಡುಗರು ಇದೇ ಮಾತನ್ನಾಡುತ್ತಾರೆ. ಇದಕ್ಕಿಂತ ಅಪಾಯದ ಮಾತು ಇಂಥ ಕೂಟಗಳಲ್ಲಿ ಇನ್ನೊಂದಿಲ್ಲ. ಲೋಟ ಕೆಳಗಿಟ್ಟ ಮೇಲೂ ಹೊಟ್ಟೆಯಲ್ಲಿದ್ದದ್ದು ರಕ್ತಕ್ಕೆ ಏರುತ್ತಲೇ ಇರುತ್ತದೆ. ಯಕೃತ್ತು ತನ್ನ ನಿಧಾನದಲ್ಲೇ ಅದನ್ನು ಕರಗಿಸಬೇಕು. ಗಂಟೆಗೆ ಹೆಚ್ಚುಕಡಮೆ ಒಂದು ಸಣ್ಣ ಅಳತೆಯಷ್ಟು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರು ಯಾವುದೂ ಅದನ್ನು ಅವಸರಪಡಿಸಲಾರವು. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಇದೊಂದೂ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಇಷ್ಟೆ: ಅವನ ಗೊರಕೆ ಸರಿಯಿಲ್ಲ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾನು ಹತ್ತು, ಹನ್ನೆರಡು ಎಣಿಸುತ್ತಿದ್ದೆ.

ವಾರ್ಡನರ ಮನೆ ಹಾಸ್ಟೆಲಿನ ಆವರಣದಲ್ಲೇ ಇತ್ತು. ನಮ್ಮ ಬಾಗಿಲಿಂದ ಅವರ ಗೇಟಿಗೆ ನಲವತ್ತು ಹೆಜ್ಜೆ. ಒಂದು ಗಂಟೆಯ ಸುಮಾರಿಗೆ ನಾನು ಆ ಗೇಟಿನ ತನಕ ಹೋದೆ. ಒಳಗೆ ದೀಪ ಉರಿಯುತ್ತಿತ್ತು; ಅವರು ಎಚ್ಚರವಾಗಿಯೇ ಇದ್ದರು. ಚಿಲಕದ ಮೇಲೆ ಕೈಯಿಟ್ಟೆ. ವಾರ್ಡನರು ಮೊದಲು ಕೇಳುವ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ‘ನೀನೂ ಅಲ್ಲಿದ್ದೆಯೇನಯ್ಯ?’ ಆಮೇಲೆ ತಂದೆಗೆ ಕಾಗದ ಹೋಗುತ್ತದೆ, ವಿನಾಯಿತಿ ಹೋಗುತ್ತದೆ. ಚಿಲಕ ತೆಗೆಯದೆ ಹಿಂದಿರುಗಿದೆ. ಹಿಂದಿರುಗುವಾಗಲೇ ಹೆಜ್ಜೆ ಎಣಿಸಿದ್ದು.

ನಾಲ್ಕು ಗಂಟೆಗೆ ಅಡಿಗೆ ಭಟ್ಟರು ಒಲೆ ಹೊತ್ತಿಸಲೆಂದು ಎದ್ದವರು ನಮ್ಮ ಕೋಣೆಯ ದೀಪ ಕಂಡು ಒಳಗೆ ಇಣುಕಿದರು. ನನ್ನನ್ನು ಅವರು ಏನೂ ಕೇಳಲಿಲ್ಲ. ಅವನನ್ನು ಮಗ್ಗುಲಿಗೆ ಹೊರಳಿಸಿದರು, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿದರು, ನೆಟ್ಟಗೆ ಹೋಗಿ ವಾರ್ಡನರ ಬಾಗಿಲು ಬಡಿದರು. ಎದುರು ಮನೆಯವರ ಕಾರಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದ್ದಾಯಿತು. ಅವನು ಉಳಿದ. ಆದರೆ ಶ್ವಾಸಕೋಶಕ್ಕೆ ನಂಜಾಗಿ ತಿಂಗಳುಗಟ್ಟಲೆ ನರಳಿದ. ಆ ವರ್ಷದ ಓದು ಹೋಯಿತು. ಮುಂದಿನ ವರ್ಷ ಅವನು ಬರಲಿಲ್ಲ. ತೋಟ ನೋಡಿಕೊಂಡು ಊರಿನಲ್ಲೇ ಉಳಿದುಬಿಟ್ಟ. ವಾರ್ಡನರು ನಮ್ಮ ತಂದೆಗೆ ಕಾಗದ ಬರೆಯಲೇ ಇಲ್ಲ.

ಬಹಳ ವರ್ಷಗಳ ಮೇಲೆ, 2003ರಲ್ಲಿ, ಒಂದು ಮದುವೆಯ ಮನೆಯಲ್ಲಿ ಅವನು ಸಿಕ್ಕಿದ. ಕೂದಲು ನರೆತಿತ್ತು, ಮಾತು ಬಂದಿತ್ತು. ಹಳೆಯದನ್ನೆಲ್ಲ ನೆನೆದು ನಕ್ಕ. “ಅವತ್ತು ನನ್ನನ್ನ ಮಗ್ಗುಲಿಗೆ ಹೊರಳಿಸಿದ್ದು ಯಾರೋ?” ಎಂದ. “ಭಟ್ಟರು” ಎಂದೆ. ನೀನೆಲ್ಲಿದ್ದೆ ಎಂದು ಅವನು ಕೇಳಲಿಲ್ಲ. ಎಲೆ ಹಾಕಿದ್ದರು; ಊಟಕ್ಕೆ ಕೂತೆವು.

ಹೀಗಿರುವುದರಿಂದ ಮೊಮ್ಮಗಳಿಗೆ ಹೋಗಬೇಡ ಎನ್ನಲಿಲ್ಲ. ಹೋಗಬೇಡ ಎನಿಸಿಕೊಂಡ ಮಕ್ಕಳೂ ಹೋಗುತ್ತಾರೆ. ಏನಾದರೂ ಆದಾಗ ಮನೆಗೆ ತಿಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ಬದಲಿಗೆ ಉಪದೇಶಗಳನ್ನು ಬರೆಯಲು ಕುಳಿತೆ. ಕಚೇರಿಯ ಅಭ್ಯಾಸ, ಎರಡು ಹಾಳೆಯಾಯಿತು, ಉಪಕಲಮುಗಳು ಬೇರೆ. ನನ್ನಾಕೆ ಅದನ್ನು ಓದಿ ಮಡಿಚಿ ಡಬ್ಬಿಯ ಅಡಿಗೆ ಹಾಕಿದಳು. “ಹೊಟ್ಟೆ ತುಂಬ ಊಟ ಮಾಡಿಕೊಂಡು ಹೋಗು. ಯಾರ ಕೈಯಿಂದ್ಲೂ ಲೋಟ ತೊಗೋಬೇಡ, ನಿನ್ನ ನೀರು ನೀನೇ ತೊಗೊಂಡು ಹೋಗು. ಜೊತೆಗೆ ಹೋದವಳನ್ನ ಬಿಟ್ಟು ಬರಬೇಡ. ಕುಡಿದವನ ಬೈಕು ಹತ್ತಬೇಡ” ಎಂದಳು. ನನ್ನ ಎರಡು ಹಾಳೆಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ.

ನಾನು ಸೇರಿಸಿದ್ದು ಒಂದು. “ಏನೇ ಆಗಲಿ, ತಪ್ಪು ಯಾರದ್ದೇ ಇರಲಿ, ಎಷ್ಟು ಹೊತ್ತಿಗಾದರೂ ಫೋನ್ ಮಾಡು. ಒಂದು ಪ್ರಶ್ನೆಯನ್ನೂ ಕೇಳೋದಿಲ್ಲ.”

“ಒಂದೂ ಇಲ್ಲವಾ?”

“ಬೆಳಿಗ್ಗೆ ಉಪ್ಪಿಟ್ಟು ಆಗೋ ತನಕ ಇಲ್ಲ.”

ಇದು ನನ್ನ ಸ್ವಂತ ಬುದ್ಧಿಯಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2002ರಲ್ಲಿ ಇಂಥದೇ ಒಂದು ನಿಯಮ ಮಾಡಿದರು: ಕುಡಿದು ಬಿದ್ದವರಿಗಾಗಿ ಯಾರಾದರೂ ಸಹಾಯ ಕರೆದರೆ, ಕರೆದವರನ್ನೂ ಬಿದ್ದವರನ್ನೂ ಶಿಸ್ತಿನ ವಿಚಾರಣೆಗೆ ಎಳೆಯುವುದಿಲ್ಲವೆಂದು. ಆಮೇಲೆ ಅಲ್ಲಿ ಸಹಾಯದ ಕರೆಗಳು ಹೆಚ್ಚಿದವು. ಅದನ್ನು ಓದಿದಾಗ ನನಗೆ ಆ ಗೇಟಿನ ಚಿಲಕ ನೆನಪಾಯಿತು.

ಶನಿವಾರ ರಾತ್ರಿ ಹನ್ನೊಂದೂ ನಲವತ್ತಕ್ಕೆ ಫೋನ್ ಬಂತು. ನಾನು ಮಲಗಿರಲಿಲ್ಲವೆಂದು ಬೇರೆ ಹೇಳಬೇಕೆ?

“ತಾತ, ನನಗೇನೂ ಆಗಿಲ್ಲ. ನನ್ನ ರೂಮಿನವಳು ಎಬ್ಬಿಸಿದ್ರೆ ಏಳ್ತಿಲ್ಲ. ಮೈ ತಣ್ಣಗಿದೆ. ಎಲ್ಲರೂ ಮಲಗ್ಲಿ ಬಿಡು ಅಂತಿದಾರೆ.”

“ಮಗ್ಗುಲಿಗೆ ಹೊರಳಿಸು” ಎಂದೆ. ಗಂಟಲು ಕಟ್ಟಿತ್ತು.

“ಹೊರಳಿಸಿದೀನಿ. 108ಕ್ಕೂ ಮಾಡಿದೀನಿ. ಆಂಬುಲೆನ್ಸು ಬರ್ತಿದೆ. ನೀನು ಆಸ್ಪತ್ರೆ ಹತ್ರ ಬರ್ತೀಯಾ?”

ಮೊದಲ ಕರೆ ನನಗಲ್ಲ, 108ಕ್ಕೆ. ಸ್ಥಳೀಯ ಪೋಷಕನಿಗೆ ಕೊಂಚ ಅವಮಾನವೇ ಆಗಬೇಕಾಗಿತ್ತು, ಆಗಲಿಲ್ಲ. ಬಾಡಿಗೆ ಕಾರು ಹಿಡಿದು ಹೋಗುವ ದಾರಿಯುದ್ದಕ್ಕೂ ಒಂದೇ ಪ್ರಶ್ನೆ ನನ್ನ ಬಾಯಲ್ಲಿ ಹೊರಳುತ್ತಿತ್ತು: ಅಲ್ಲಿಗೆ ಯಾಕೆ ಹೋಗಬೇಕಿತ್ತು? ಭರವಸೆ ಕೊಡುವುದು ಸುಲಭ. ಆಸ್ಪತ್ರೆಯ ಬೆಂಚಿನ ಮೇಲೆ ಮೊಮ್ಮಗಳು ಚಪ್ಪಲಿಯಿಲ್ಲದ ಕಾಲಲ್ಲಿ, ಯಾರದೋ ವಾಂತಿ ಮೆತ್ತಿದ ಬಟ್ಟೆಯಲ್ಲಿ ಕುಳಿತಿರುವುದನ್ನು ನೋಡಿಯೂ ಸುಮ್ಮನಿರುವುದು ಎಷ್ಟು ಕಷ್ಟವೆಂದು ನನಗೆ ಅಂದು ತಿಳಿಯಿತು. ಜೊತೆಗೆ ಬಂದಿದ್ದ ಇಬ್ಬರು ಹುಡುಗರು ಗೋಡೆಗೆ ಒರಗಿ ನಿಂತಿದ್ದರು. “ಕಾಲೇಜಿಗೆ ಗೊತ್ತಾಗುತ್ತಾ ಅಂಕಲ್?” ಎಂದು ಒಬ್ಬ ಕೇಳಿದ. ಅವನ ಮುಖ ನೋಡಿದೆ. ಗೇಟಿನ ಹತ್ತಿರ ನಿಂತಿದ್ದ ಹುಡುಗನದೇ ಮುಖ. ಬೈಯಲು ಆಗಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಡಾಕ್ಟರು ಹೊರಗೆ ಬಂದು ಹುಡುಗಿ ಪಾರಾದಳೆಂದರು. ಆಮೇಲೆ ಉಳಿದದ್ದು ದಾವಣಗೆರೆಯಲ್ಲಿರುವ ಅವಳ ತಂದೆಗೆ ತಿಳಿಸುವ ಕೆಲಸ. ಮಕ್ಕಳು ನನ್ನ ಕಡೆ ನೋಡಿದರು. ನಾನು ಫೋನ್ ತೆಗೆದುಕೊಂಡೆ. ಅಳು, ಗಾಬರಿ, ಕ್ಷೇಮದ ಮಾತು ಎಲ್ಲ ಆದ ಮೇಲೆ ಆ ಮನುಷ್ಯ ಕೇಳಿದರು:

“ಅಲ್ರೀ, ಅವಳು ಅಲ್ಲಿಗ್ಯಾಕೆ ಹೋದ್ಲು?”

“ಬೆಳಿಗ್ಗೆ ಕೇಳೋಣ ಸ್ವಾಮಿ” ಎಂದೆ. “ಈಗ ಬಸ್ಸು ಹಿಡಿದು ಬನ್ನಿ. ಅವಳ ಹತ್ರ ನಾವಿದ್ದೀವಿ.”

ಬೆಳಿಗ್ಗೆ ಅವರು ಬಂದ ಮೇಲೆ ಮನೆಗೆ ಬಂದೆವು. ಮೊಮ್ಮಗಳು ಸ್ನಾನ ಮಾಡಿ ಅಡಿಗೆಮನೆಯಲ್ಲಿ ನೆಲದ ಮೇಲೆ ಕುಳಿತಳು. ನನ್ನಾಕೆ ಉಪ್ಪಿಟ್ಟು ಬಡಿಸಿದಳು. ಇಬ್ಬರೂ ಮಾತಿಲ್ಲದೆ ತಿಂದೆವು. ತಟ್ಟೆ ಖಾಲಿಯಾಯಿತು. ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, “ಉಪ್ಪಿಟ್ಟು ಆಯ್ತು ತಾತ. ಕೇಳು” ಎಂದಳು.

ನಾನು ಸ್ವಲ್ಪ ಯೋಚಿಸಿದೆ.

“ನಿನ್ನ ಕೈಲಿ ಹಾಡಿಸಿದ್ರಾ?” ಎಂದೆ.

ಅವಳು ನನ್ನನ್ನೇ ನೋಡಿದಳು. ಆಮೇಲೆ ನಕ್ಕಳು. ಹಾಡಲಿಲ್ಲವಂತೆ, ಕುಣಿದಳಂತೆ, ಗೆದ್ದದ್ದಕ್ಕೆ ಹಳದಿ ಕಾಗದದ ಒಂದು ಕಿರೀಟ ಕೊಟ್ಟಿದ್ದರಂತೆ. ಅದು ಆಂಬುಲೆನ್ಸಿನಲ್ಲೇ ಉಳಿದುಹೋಯಿತಂತೆ.