ಓಮ್‌ಸ್ಕ್ ಆದಮೇಲೆ ಕ್ಯಾಸನೂರು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಇಪ್ಪತ್ತು ಕಿಲೋಮೀಟರೂ ಇಲ್ಲ. ಇಷ್ಟು ದಾರಿಗೆ ಪ್ರವಾಸ ಅಂತ ಹೆಸರಿಟ್ಟರೆ ನಮ್ಮ ಕಡೆಯವರು ನಗುತ್ತಾರೆ. ಸಂತೆಗೆ, ಸಿನಿಮಾಕ್ಕೆ, ಮದುವೆ ಜವಳಿಗೆ ಅಂತ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಆದರೆ ಮೊನ್ನೆ ಅಕ್ಕನ ಮಗಳ ಜೊತೆ ಅವಳ ಕಾಲೇಜಿಗೆ ಹೋಗಿಬಂದವನಿಗೆ ಸೈಬೀರಿಯಾ ಸುತ್ತಿ ಬಂದಷ್ಟು ಆಗಿದೆ.

ಅವಳು ಓದುತ್ತಿರುವುದು ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ. ನೆಂಟರ ಮನೆಯಲ್ಲಿ ಯಾರಾದರೂ ಕೇಳಿದರೆ ಇಷ್ಟುದ್ದ ಹೇಳುತ್ತಾಳೆ. ಅವರು ಅದನ್ನು "ಓ, ಫೈಲ್ ಜೋಡಿಸೋದು" ಅಂತ ಮೂರು ಪದಕ್ಕೆ ಇಳಿಸುತ್ತಾರೆ. ನಾನೂ ಇಳಿಸಿದವನೇ. ಲ್ಯಾಬ್, ಎಕ್ಸ್-ರೇ ಕೋರ್ಸುಗಳ ಜೊತೆಯಲ್ಲೇ ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡು ಇದನ್ನೂ ನಡೆಸುತ್ತದೆ, ಮಣಿಪಾಲಕ್ಕೆ ಹೋದರೆ ಇದರಲ್ಲೇ ಬಿಎಸ್ಸಿ, ಎಂಎಸ್ಸಿ ಇದೆ, 2021ರ ಕೇಂದ್ರ ಕಾಯ್ದೆಯಲ್ಲಿ ಇದಕ್ಕೊಂದು ಪ್ರತ್ಯೇಕ ವೃತ್ತಿಯ ಸ್ಥಾನವೇ ಸಿಕ್ಕಿದೆ ಅಂತೆಲ್ಲ ಅವಳು ಬಸ್ಸಿನಲ್ಲಿ ವಾದಿಸುತ್ತಿದ್ದಳು. ನನ್ನ ಕಣ್ಣು ಕಿಟಕಿಯಾಚೆ ಕಾರ್ಖಾನೆಯ ಚಿಮಣಿಯ ಮೇಲಿತ್ತು. ಬೆಂಕಿಪುರ ಅನ್ನಿಸಿಕೊಂಡಿದ್ದ ನಮ್ಮೂರಿನಲ್ಲಿ 1923ರಲ್ಲಿ ಮಲೆನಾಡಿನ ಸೌದೆ ಸುಟ್ಟ ಇದ್ದಿಲಿನಿಂದ, ಕೆಮ್ಮಣ್ಣುಗುಂಡಿಯ ಅದಿರಿನಿಂದ ಕಬ್ಬಿಣ ಇಳಿಯತೊಡಗಿತು. ನಮ್ಮ ತಂದೆಯ ಕಾಲದವರಿಗೆಲ್ಲ ಮುಂಗೈ ಮೇಲೆ ಸಣ್ಣ ಸಣ್ಣ ಸುಟ್ಟ ಕಲೆ. ಅದನ್ನು ಹೇಳಿದೆ. ಅವಳು ತಟ್ಟನೆ, "ಎಕ್ಸ್18" ಅಂದಳು.

"ಏನದು?"

"ಕಾದ ಲೋಹ ತಾಗಿ ಆದ ಗಾಯದ ಕೋಡು. ಕರಗಿದ ಕಬ್ಬಿಣವೂ ಅದರೊಳಗೇ ಬರತ್ತೆ ಮಾವ."

ಮಾಚೇನಹಳ್ಳಿ, ನಿದಿಗೆ, ಮಲವಗೊಪ್ಪ ದಾಟುವಷ್ಟರಲ್ಲಿ ನನಗೆ ಇದೊಂದು ಆಟವಾಯಿತು. ನಾಯಿ ಕಚ್ಚಿದರೆ? ಡಬ್ಲ್ಯೂ54. ಹಾವು? ಎಕ್ಸ್20, ಅದರಲ್ಲಿ ವಿಷದ ಹಲ್ಲಿಯೂ ಸೇರಿದೆಯಂತೆ. ಅಡಿಕೆ ಮರದಿಂದ ಬಿದ್ದರೆ? ಒಂದು ಕ್ಷಣ ಯೋಚಿಸಿ, "ಡಬ್ಲ್ಯೂ14, ಮರದಿಂದ ಬೀಳುವುದು. ಅಡಿಕೆ ಆದರೇನು, ಸೇಬು ಆದರೇನು" ಅಂದಳು. ಬೆನ್ನುಮೂಳೆ ಮುರಿದಿದ್ದಕ್ಕೆ ಬೇರೆ ಸಂಖ್ಯೆ, ಮುರಿಯಲು ಕಾರಣಕ್ಕೆ ಬೇರೆ, ಎರಡನ್ನೂ ಬರೆಯಬೇಕು. ಹೊಳೆ ಬಂತು. ಬೆಳಿಗ್ಗೆ ಭದ್ರೆಯನ್ನು ನೋಡಿ ಹೊರಟವರು ತುಂಗೆಯ ಸೇತುವೆ ಮೇಲಿದ್ದೆವು.

ಸಾಗರ ರಸ್ತೆಯ ಮೆಗ್ಗಾನ್ ಆಸ್ಪತ್ರೆಯ ಮುಂದೆ ಎಂದಿನಂತೆ ಜಾತ್ರೆ. ಸೊರಬ, ಹೊಸನಗರ, ಚನ್ನಗಿರಿ ಎಲ್ಲ ಕಡೆಯ ಕಂಬಳಿ, ಫ್ಲಾಸ್ಕು, ಎಕ್ಸ್-ರೇ ಕವರು. ಅಷ್ಟೊಂದು ಜನರಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದು ಓಪಿ ಚೀಟಿ ಇತ್ತು. ಇಷ್ಟು ವರ್ಷ ನಾನು ಅದನ್ನು ಕಂಡೇ ಇರಲಿಲ್ಲ, ಜನರನ್ನಷ್ಟೇ ಕಂಡಿದ್ದೆ. "ರೆಕಾರ್ಡ್ ರೂಮು ತೋರಿಸೇ" ಅಂದೆ. ಮುಖ ಗಂಟಿಕ್ಕಿದಳು. ಹೊರಗಿನವರಿಗೆ ಯಾವ ಆಸ್ಪತ್ರೆಯಲ್ಲೂ ಎಂಆರ್‌ಡಿಯ, ಅಂದರೆ ದಾಖಲೆ ವಿಭಾಗದ, ಬಾಗಿಲು ತೆರೆಯಬಾರದು, ಸೋದರಮಾವ ಆದರೂ ಅಷ್ಟೇ. ನನಗೆ ಸಿಟ್ಟು ಬರುವ ಬದಲು ಹೆಮ್ಮೆಯಾಯಿತು.

ಕಾಲೇಜಿನಲ್ಲಿ ಕಲಿಕೆಗೆಂದೇ ಮಾಡಿಟ್ಟ ಕೋಣೆಯಿದೆ. ರ‍್ಯಾಕುಗಳ ತುಂಬ ಇಲ್ಲದ ರೋಗಿಗಳ ಕೇಸ್ ಶೀಟು! ಅವರಿಗೂ ಊರು, ವಯಸ್ಸು, ಜ್ವರದ ಚಾರ್ಟು. ವಾರ್ಡಿನಿಂದ ಬಂದ ಫೈಲಿನ ಹಾಳೆಗಳನ್ನು ಕ್ರಮಕ್ಕೆ ತಂದು, ಯಾವ ಡಾಕ್ಟರ ಸಹಿ ಬಿಟ್ಟಿದೆ, ಡಿಸ್ಚಾರ್ಜ್ ಸಮರಿ ಇದೆಯೋ ಇಲ್ಲವೋ ನೋಡಿ, ಕೊರತೆಯಿದ್ದರೆ ವಾಪಸು ಕಳಿಸಿ, ಆಮೇಲೆ ಕೋಡು ಹಾಕಿ, ಆಮೇಲೆ ರ‍್ಯಾಕಿಗೆ. ಪೊಲೀಸ್ ಕೇಸಾದರೆ, ಅಂದರೆ ಎಂಎಲ್‌ಸಿ, ಬೀಗದ ಬೀರುವಿಗೆ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿ ನಿಯಮವಿದೆ. ಕೊಡಬೇಕಾದರೆ ಮೊದಲು ಸಿಗಬೇಕಲ್ಲ.

ಸಿಗುವ ಹಾಗೆ ಇಡುವ ಬಗೆಯೇ ನನ್ನನ್ನು ಬೆರಗುಗೊಳಿಸಿದ್ದು. 04-17-52 ಅನ್ನುವ ಫೈಲನ್ನು ಹುಡುಕಲು ಅವಳು 04ರ ಕಡೆ ನೋಡಲೇ ಇಲ್ಲ. ನೇರ 52ಕ್ಕೆ ಹೋದಳು, ಅಲ್ಲಿ 17, ಅದರಲ್ಲಿ 04. ಸಂಖ್ಯೆಯನ್ನು ಬಾಲದಿಂದ ಓದುವುದು. ಸೀದಾ ಓದಿದರೆ ಹೊಸ ರೋಗಿಗಳೆಲ್ಲ ಕೊನೆಯ ರ‍್ಯಾಕಿನಲ್ಲೇ ಗುಡ್ಡೆಬಿದ್ದು, ಕೆಲಸದವರೂ ಅಲ್ಲೇ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಬಾಲದಿಂದ ಓದಿದರೆ 00ರಿಂದ 99ರವರೆಗಿನ ನೂರು ಮನೆಗಳಿಗೂ ಸಮನಾಗಿ ಹಂಚಿಹೋಗುತ್ತಾರೆ. ನಮ್ಮ ಮದುವೆ ಮನೆಯ ಊಟದ ಪಂಕ್ತಿಗೆ ಇಂಥದ್ದೊಂದು ಬುದ್ಧಿ ಯಾರಿಗೂ ಹೊಳೆದಿಲ್ಲ.

ಇನ್ನೊಂದು ಹಾಳೆ, ಸಾವಿನ ಕಾರಣದ ನಮೂನೆ 4. "ನಿನ್ನ ಮುತ್ತಜ್ಜ ಹೋಗಿದ್ದು ಉಸಿರು ನಿಂತು" ಅಂದೆ. "ಅದು ಕಾರಣ ಅಲ್ಲ ಮಾವ, ಎಲ್ಲರದ್ದೂ ನಿಲ್ಲತ್ತೆ. ಅದು ಯಾಕೆ ನಿಂತಿತು, ಅದಕ್ಕೆ ಏನು ಕಾರಣ, ಅದಕ್ಕೂ ಮೂಲ ಏನು, ಹೀಗೆ ಕೆಳಗಿಳಿಯುತ್ತಾ ಬರೀಬೇಕು. ಎಣಿಕೆಗೆ ಬೇಕಾಗೋದು ಆ ಮೂಲವೇ." ಪ್ಯಾರಿಸಿನ ಜಾಕ್ ಬರ್ಟಿಯೋನ್ 1893ರಲ್ಲಿ ಸಾವಿನ ಕಾರಣಗಳ ಪಟ್ಟಿ ಮುಂದಿಟ್ಟಾಗ ಆರಂಭವಾದದ್ದು ಈ ಕೋಡುಗಳ ವಂಶ.

ಅವಳ ಬೆಂಚಿನ ಮೇಲೆ ಅದೇ ವಂಶದ ಐಸಿಡಿ-10ರ ಮೂರು ದಪ್ಪ ಸಂಪುಟ. ವಿಶ್ವ ಆರೋಗ್ಯ ಸಂಸ್ಥೆಯ ಪುಸ್ತಕ. 2022ರಿಂದ ಹನ್ನೊಂದನೆಯ ಆವೃತ್ತಿ ಜಾರಿಗೆ ಬಂದಿದ್ದರೂ ಪಾಠ ನಡೆಯುವುದು ಇದರಲ್ಲೇ. ಮೂರನೆಯದು ಅಕಾರಾದಿ. "ನಮ್ಮ ಜಿಲ್ಲೆ ಹುಡುಕಿ" ಅಂತ ನನ್ನ ಮುಂದೆ ತಳ್ಳಿದಳು. ತಮಾಷೆ ಅಂದುಕೊಂಡೆ. ಕೆ ಅಕ್ಷರದ ಕೊನೆಯಲ್ಲಿ ಬೆರಳಿಟ್ಟಳು. ಕ್ಯಾಸನೂರು!

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲ ಹಳ್ಳಿಯವರು ಜ್ವರ ಹಿಡಿದು ಮಲಗಿದರು. ಮಂಗ ಸಾಯುವುದನ್ನು ಕಂಡು ಹಳದಿ ಜ್ವರವೇ ಬಂತೋ ಎಂದು ಪುಣೆಯ ವೈರಸ್ ಸಂಶೋಧಕರು ಗಾಬರಿಯಾದರು. ಕೊನೆಗೆ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್, ಅದರ ನೆಂಟಸ್ತಿಕೆ ದೂರದ ರಷ್ಯಾದ ವೈರಸ್‌ಗಳ ಜೊತೆ. ನಮಗದು ಮಂಗನ ಕಾಯಿಲೆ.

"ಅಕಾರಾದಿ ನಂಬಿ ಕೋಡು ಬರೆದರೆ ಮೇಡಂ ಬೈತಾರೆ" ಎನ್ನುತ್ತ ಒಂದನೇ ಸಂಪುಟ ತೆಗೆದಳು. ಎ98.1 ಸೈಬೀರಿಯಾದ ಓಮ್‌ಸ್ಕ್ ಜ್ವರ. ಎ98.2 ಕ್ಯಾಸನೂರು. ಎ98.3 ಜರ್ಮನಿಯ ಮಾರ್ಬರ್ಗ್. ಎ98.4 ಎಬೋಲಾ. ಸೊರಬದ ತರಗೆಲೆ ಗುಡಿಸುವವರ ಕಾಡು ಇವರ ಮಧ್ಯೆ ಪಂಕ್ತಿಯಲ್ಲಿ ಕೂತಿತ್ತು. ಜಿನೀವಾದಲ್ಲೋ ಲಿಮಾದಲ್ಲೋ ಒಬ್ಬ ಗುಮಾಸ್ತೆ ಈ ಸಾಲಿನ ಮೇಲೆ ಬೆರಳಾಡಿಸುತ್ತ, ನಮ್ಮ ಊರನ್ನು ತನ್ನ ನಾಲಗೆಗೆ ಸಿಕ್ಕಂತೆ ಉಚ್ಚರಿಸುವುದನ್ನು ನೆನೆದು ಮೈ ಜುಮ್ಮೆಂದಿತು. ಖುಷಿಪಡುವ ವಿಷಯವಲ್ಲ, ಗೊತ್ತು; ಎಷ್ಟು ಮನೆಗಳ ದುಃಖದ ಮೇಲೆ ಬಂದ ಹೆಸರದು. ಆದರೂ ಬೆರಳನ್ನು ಅಲ್ಲಿಂದ ತೆಗೆಯಲಾಗಲಿಲ್ಲ.

ಸಂಜೆ ಅದೇ ದಾರಿ, ಅದೇ ಬಸ್ಸು. ಹುಡುಗಿ ನಿದ್ದೆಹೋಗಿದ್ದಳು. ಭದ್ರಾವತಿ ಇನ್ನೂ ಸ್ವಲ್ಪ ದೂರವಿದ್ದಾಗ ಬಸ್ಸು ಯಾರನ್ನೋ ಇಳಿಸಲು ತೋಟದ ಪಕ್ಕ ನಿಂತಿತು. ಮರದ ತುದಿಯಲ್ಲೊಬ್ಬ ಕೊನೆಗಾರ, ಮರವನ್ನು ತೂಗಿ ತೂಗಿ ಪಕ್ಕದ ಮರಕ್ಕೆ ಜಿಗಿಯುವ ಹವಣಿಕೆಯಲ್ಲಿದ್ದ. ಹಿಡಿದ, ಸರ್ರನೆ ಜಾರಿ ಇಳಿದ. ಅವನ ಕಾಲು ನೆಲ ಮುಟ್ಟುವವರೆಗೂ ನಾನು ಮುಂದಿನ ಸೀಟಿನ ಕಂಬಿ ಬಿಟ್ಟಿರಲಿಲ್ಲ.